ಕಂಪ್ಯೂಟರ್ 85ಕ್ಕೆ ನಿಂತಿತು

1/7

ರಿಸಲ್ಟ್ ಅಂದ್ರೆ ಏನು ಅಂತ ನಮ್ಮ ಕ್ಲಾಸಿಗೆ ಹೇಳಿಕೊಡಬೇಕಾಗಿಲ್ಲ. ಗ್ರೂಪಲ್ಲಿ ಯಾರೋ ಒಬ್ಬರು "ಬಿಟ್ರಂತೆ ಕಣ್ರೋ" ಅಂತ ಹಾಕ್ತಾರೆ. ಎಲ್ಲರೂ ಒಟ್ಟಿಗೆ ವೆಬ್‌ಸೈಟ್ ಮೇಲೆ ಬೀಳ್ತೀವಿ, ಅದು ಅಲ್ಲೇ ಮಲಗುತ್ತೆ. ಸಂಜೆ ಹೊತ್ತಿಗೆ ಹೇಗೋ ಓಪನ್ ಆಗಿ ಕಥೆ ಮುಗಿಯುತ್ತೆ. ಪಾಸಾದವರು ಪಾನಿಪೂರಿ ಕೊಡಿಸ್ತಾರೆ, ಬ್ಯಾಕ್ ಉಳಿಸಿಕೊಂಡವರೂ ಜೊತೆಗೆ ನಿಂತು ತಿಂತಾರೆ.

ಈ ಸಲ ಬರೀತಿರೋದು ಹಾಗೆ ಒಂದೇ ದಿನದಲ್ಲಿ ಮುಗಿಯದ ರಿಸಲ್ಟ್ ಬಗ್ಗೆ.

ನನ್ನಕ್ಕ ನರ್ಸ್. ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ 4 ವರ್ಷದಿಂದ ಕೆಲಸ ಮಾಡ್ತಿದ್ದಾಳೆ. 11 ದಿನದ ಹಿಂದೆ ಬೆಂಗಳೂರಲ್ಲೇ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು, ರಜೆ ಹಾಕಿ ಅರಸೀಕೆರೆ ಹತ್ತಿರದ ನಮ್ಮೂರಿಗೆ ಬಂದಿದ್ದಾಳೆ.

ಎನ್‌ಕ್ಲೆಕ್ಸ್ ಅಂದ್ರೆ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. ನಮ್ಮಲ್ಲಿ ಕೋರ್ಸ್ ಪಾಸಾಗಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದ್ರೆ ಕೆಲಸಕ್ಕೆ ಸೇರಬಹುದು. ಅಲ್ಲಿ ಹಾಗಲ್ಲ. ಅಲ್ಲೇ ಹುಟ್ಟಿ ಓದಿದವರಾಗಲಿ, ನಮ್ಮೂರಿಂದ ಹೋಗುವವರಾಗಲಿ, ಇದು ಪಾಸಾಗದೆ ಲೈಸೆನ್ಸ್ ಸಿಗಲ್ಲ.

ರಿಸಲ್ಟ್ ಇನ್ನೂ ಬಂದಿಲ್ಲ. ಬರೋಕೆ ಮುಂಚೆಯೇ ಇದನ್ನ ಬರೆದು ಮುಗಿಸಬೇಕು ಅನ್ನಿಸಿತು. ಬಂದ ಮೇಲೆ ಬರೆದ್ರೆ ಅದು ಪಾಸಾದವರ ಮಾತೋ ಫೇಲಾದವರ ಮಾತೋ ಆಗಿಬಿಡುತ್ತೆ. ಕಾಯ್ತಿರೋರ ಮಾತು ಆಗಲ್ಲ.

2/7

ಮೊದಲು ಲೆಕ್ಕ. ಬಿಕಾಂ ಓದೋಳಿಗೆ ಮನೇಲಿ ಸಿಗೋ ಮೊದಲ ಉದ್ಯೋಗ ಅದೇ.

ಅಕ್ಕನ ಖರ್ಚಿಗೆ ಅಂತ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಪರೀಕ್ಷೆಯ ಫೀಸು 200 ಡಾಲರ್. ಅಮೆರಿಕದ ಹೊರಗೆ ಬರೆಯುವವರು ಮತ್ತೆ 150 ಡಾಲರ್ ಕಟ್ಟಬೇಕು. ಎರಡೂ ಸೇರಿ ನಮ್ಮ ದುಡ್ಡಲ್ಲಿ ಸುಮಾರು 30,000 ರೂಪಾಯಿ. ಇದು ಬರೀ ಒಂದು ದಿನದ ಪರೀಕ್ಷೆಗೆ. ಸರ್ಟಿಫಿಕೇಟ್‌ಗಳ ಪರಿಶೀಲನೆ, ಬೋರ್ಡ್‌ಗೆ ಅರ್ಜಿ, ಆನ್‌ಲೈನ್ ಕೋಚಿಂಗ್, ಪ್ರಶ್ನೆ ಬಿಡಿಸೋ ಆಪ್‌ನ ಚಂದಾ, ಎಲ್ಲಕ್ಕೂ ಬೇರೆ ಬೇರೆ ಪುಟ ಇದೆ.

ದುಡ್ಡು ಬಂದ ಕಡೆಯ ಪುಟ ಚಿಕ್ಕದು. ಅಕ್ಕನ ಉಳಿತಾಯ. ಅಪ್ಪನ ಹೋದ ವರ್ಷದ ಕೊಬ್ಬರಿ ದುಡ್ಡು. ಅಮ್ಮನ ಎರಡೆಳೆ ಸರ, ಅಡ ಇಟ್ಟಿದ್ದು. ಅಮ್ಮ ಈಗ ಬರೀ ಕರಿಮಣಿ ಹಾಕ್ಕೊಂಡು ಮದುವೆಗಳಿಗೆ ಹೋಗ್ತಾರೆ. ಯಾರಾದ್ರೂ ಕೇಳಿದ್ರೆ "ಸರ ಪಾಲಿಶ್‌ಗೆ ಕೊಟ್ಟಿದ್ದೀನಿ" ಅಂತಾರೆ. ಪಾಲಿಶ್‌ಗೆ ಹೋಗಿ 14 ತಿಂಗಳಾಯ್ತು.

ಫೇಲಾದ್ರೆ ಪ್ರಪಂಚ ಮುಳುಗಲ್ಲ, ಅದು ನಮಗೆಲ್ಲ ಗೊತ್ತು. ಕನಿಷ್ಠ 45 ದಿನ ಬಿಟ್ಟು ಮತ್ತೆ ಬರೆಯಬಹುದು. ಆದರೆ ಫೀಸು ಮತ್ತೆ ಕಟ್ಟಬೇಕು, ರಜೆ ಮತ್ತೆ ಹಾಕಬೇಕು, ಸರ ಇನ್ನಷ್ಟು ದಿನ ಪಾಲಿಶ್‌ಗೆ ಅಂತಲೇ ಇರಬೇಕು. ಅಕ್ಕ ರಾತ್ರಿ ಮಗ್ಗುಲು ಬದಲಿಸುವಾಗ ಅವಳ ತಲೆಯಲ್ಲಿ ಓಡೋದು ಈ ಲೆಕ್ಕ. ಅಮೆರಿಕಾ ಅಲ್ಲ.

3/7

ಈಗ ಪರೀಕ್ಷೆ. ಇದು ನಮ್ಮ ಸೆಮಿಸ್ಟರ್ ಎಕ್ಸಾಮ್ ಥರ ಅಲ್ಲ, ಸ್ವಲ್ಪ ವಿಚಿತ್ರ. ಅದು ಅರ್ಥವಾದ ಮೇಲೆ ಅಕ್ಕನ ಗಾಬರಿಯೂ ನನಗೆ ಅರ್ಥವಾಯ್ತು.

ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರಲ್ಲ. ಕಂಪ್ಯೂಟರ್ ನಮ್ಮ ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಆರಿಸುತ್ತೆ. ಸರಿ ಬರೆದ್ರೆ ಕಷ್ಟದ್ದು, ತಪ್ಪಿದ್ರೆ ಸ್ವಲ್ಪ ಸುಲಭದ್ದು. ಹಿಂದಿನ ಪ್ರಶ್ನೆಗೆ ವಾಪಸ್ ಹೋಗೋ ಹಾಗಿಲ್ಲ. ಕನಿಷ್ಠ 85 ಪ್ರಶ್ನೆ, ಹೆಚ್ಚೆಂದ್ರೆ 150, ಒಟ್ಟು 5 ಗಂಟೆ ಸಮಯ. ಈ ಅಭ್ಯರ್ಥಿ ಪಾಸಿನ ಗೆರೆಗಿಂತ ಮೇಲಿದ್ದಾರೆ ಅಥವಾ ಕೆಳಗಿದ್ದಾರೆ ಅಂತ ಶೇಕಡಾ 95ರಷ್ಟು ಖಚಿತವಾದ ಕೂಡಲೇ ಯಂತ್ರ ಪರೀಕ್ಷೆ ನಿಲ್ಲಿಸಿಬಿಡುತ್ತೆ.

ಅಕ್ಕನದು 85ಕ್ಕೆ ನಿಂತಿತು.

ಅಂದ್ರೆ ಯಂತ್ರಕ್ಕೆ ಬೇಗ ಖಚಿತವಾಯ್ತು. ಯಾವ ಕಡೆಗೆ ಅಂತ ಮಾತ್ರ ಅದು ಹೇಳಲ್ಲ. ತುಂಬ ಚೆನ್ನಾಗಿ ಬರೆದವರಿಗೂ 85ಕ್ಕೆ ನಿಲ್ಲುತ್ತೆ, ತುಂಬ ಕೆಟ್ಟದಾಗಿ ಬರೆದವರಿಗೂ 85ಕ್ಕೆ ನಿಲ್ಲುತ್ತೆ.

ಇನ್ನೊಂದು ವಿಷಯ. ನಿಮಗೆ ಅರ್ಧ ಸರಿ, ಅರ್ಧ ತಪ್ಪು ಆಗುವಂಥ ಪ್ರಶ್ನೆಗಳನ್ನೇ ಯಂತ್ರ ಹುಡುಕಿ ಕೊಡುತ್ತೆ. ನಮ್ಮ ಕಾಲೇಜಿನ ಹೈಜಂಪ್ ನೆನಪಿಸಿಕೊಳ್ಳಿ. ಹಾರಿದಂತೆಲ್ಲ ಕೋಲು ಮೇಲೆ ಹೋಗುತ್ತೆ. ಮೊದಲ ಬಹುಮಾನ ತಗೊಂಡವಳೂ ಕೊನೆಗೆ ಕೋಲು ಬೀಳಿಸಿಯೇ ಹೊರಗೆ ಬರೋದು. ಎನ್‌ಕ್ಲೆಕ್ಸ್ ಕೂಡ ಹಾಗೇ. ಪಾಸಾಗೋರಿಗೂ ಫೇಲಾಗೋರಿಗೂ ಹೊರಗೆ ಬರುವಾಗ ಅನ್ನಿಸೋದು ಒಂದೇ: "ನನಗೆ ಏನೂ ಬರಲಿಲ್ಲ."

4/7

ಹೀಗೆ ಗೊತ್ತಿದ್ದೂ ಮನಸ್ಸು ಸುಮ್ಮನಿರುತ್ತಾ?

ಅಕ್ಕನ ಟೆಲಿಗ್ರಾಂ ಗ್ರೂಪಲ್ಲಿ ಶಕುನ ನೋಡೋರೇ ತುಂಬಿದ್ದಾರೆ. "ಸರಿ ಇರೋದನ್ನೆಲ್ಲ ಆರಿಸಿ ಅನ್ನೋ ಪ್ರಶ್ನೆ ಜಾಸ್ತಿ ಬಂದ್ರೆ ಪಾಸು." "ಕೊನೇ ಪ್ರಶ್ನೆ ಸುಲಭ ಇದ್ರೆ ಕಥೆ ಮುಗೀತು." ಇನ್ನೊಂದು ದೊಡ್ಡ ಉಪಾಯ ಬೇರೆ ಇದೆ. ಪರೀಕ್ಷೆಗೆ ಮತ್ತೆ ನೋಂದಣಿ ಮಾಡೋಕೆ ಹೋಗಿ, ಸೈಟ್ ಬಿಡದಿದ್ರೆ ಪಾಸು, ಕಾರ್ಡಿಂದ ದುಡ್ಡು ಕಟ್ ಆದ್ರೆ ಫೇಲು ಅಂತೆ. ಅದು ಅಧಿಕೃತ ರಿಸಲ್ಟ್ ಅಲ್ಲವೇ ಅಲ್ಲ. ಆದ್ರೂ 200 ಡಾಲರ್ ಪಣಕ್ಕಿಟ್ಟು ಭವಿಷ್ಯ ಕೇಳೋರು ಇದ್ದಾರೆ. ನಮ್ಮಜ್ಜಿ ಹಲ್ಲಿ ಲೊಚಗುಟ್ಟಿದ್ದಕ್ಕೆ ಖುಷಿಪಟ್ಟಾಗ ನಗ್ತಿದ್ವಿ. ಅಜ್ಜಿಯ ಹಲ್ಲಿ ಪುಕ್ಕಟೆ.

ಕೆಲವು ರಾಜ್ಯಗಳ ಬೋರ್ಡ್‌ಗಳು ಎರಡು ಕೆಲಸದ ದಿನ ಕಳೆದ ಮೇಲೆ ಸ್ವಲ್ಪ ದುಡ್ಡು ತಗೊಂಡು ಅನಧಿಕೃತ ರಿಸಲ್ಟ್ ತೋರಿಸ್ತವೆ. ಅಕ್ಕ ಅರ್ಜಿ ಹಾಕಿರೋ ರಾಜ್ಯದಲ್ಲಿ ಆ ಸೌಲಭ್ಯ ಇಲ್ಲ. ಬೋರ್ಡ್ ಕಳಿಸೋವರೆಗೆ ಕಾಯಬೇಕು. ಆರು ವಾರದವರೆಗೂ ಆಗಬಹುದು.

ಅವಳನ್ನ ಒಂದು ಪ್ರಶ್ನೆ ಬಿಡ್ತಾನೇ ಇಲ್ಲ. ನಾಲ್ಕು ಜನ ರೋಗಿಗಳು, ಮೊದಲು ಯಾರನ್ನ ನೋಡಬೇಕು ಅನ್ನೋದು. ರಾತ್ರಿ 2 ಗಂಟೆಗೆ ಎದ್ದು "ಎರಡನೆಯವರನ್ನ ನೋಡಬೇಕಿತ್ತು ಕಣೇ" ಅಂದಳು. ಆ 85 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇರಲ್ಲ. ಮುಂದಿನ ಪರೀಕ್ಷೆಗಳಿಗೆ ಸರಿಹೊಂದುತ್ತಾ ಅಂತ ಪರೀಕ್ಷಿಸೋಕೆ ಸೇರಿಸಿರೋ ಪ್ರಶ್ನೆಗಳು ಅವು. ಯಾವ 15 ಅಂತ ಬರೆಯೋರಿಗೆ ಗೊತ್ತಾಗಲ್ಲ. ಅಕ್ಕನ ನಿದ್ದೆ ತಿಂತಿರೋ ಪ್ರಶ್ನೆ ಆ 15ರಲ್ಲೇ ಒಂದಿರಬಹುದು. ಇದನ್ನ ಹೇಳಿದ್ದಕ್ಕೆ ಕತ್ತಲಲ್ಲೇ ನಕ್ಕಳು. ಆಮೇಲೆ, "ಇಲ್ಲದೆಯೂ ಇರಬಹುದು" ಅಂದಳು.

5/7

ನಮ್ಮ ಕಡೆ ತೆಂಗಿನಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಲ್ಲಾಡಿಸಿದ್ರೆ ಒಳಗೆ ಗಡಗಡ ಅಂದಾಗ ಆಯ್ತು ಅಂತ ಲೆಕ್ಕ. ಅದಕ್ಕೂ ಮುಂಚೆ ಒಡೆದ್ರೆ ಆ ಕಡೆ ಕಾಯಿಯೂ ಅಲ್ಲ, ಈ ಕಡೆ ಕೊಬ್ಬರಿಯೂ ಅಲ್ಲ.

ಅಕ್ಕ ಊಟದ ಮಧ್ಯೆ ಮೂರನೇ ಸಲ ಮೇಲ್ ನೋಡಿದಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ್ರು: "ದಿನಾ ಅಲ್ಲಾಡಿಸಿದ್ರೆ ಕಾಯಿ ಬೇಗ ಕೊಬ್ಬರಿ ಆಗಲ್ಲ ಕಣಮ್ಮ."

ಒಳ್ಳೇ ಮಾತು. ಆದ್ರೆ ಅಪ್ಪನ ಕಾಯಿಗೂ ಅಕ್ಕನ ರಿಸಲ್ಟಿಗೂ ಒಂದು ವ್ಯತ್ಯಾಸ ಇದೆ. ಕಾಯಿ ಅಟ್ಟದ ಮೇಲೆ ಇನ್ನೂ ಆಗ್ತಾ ಇರುತ್ತೆ. ಅಕ್ಕನ ರಿಸಲ್ಟ್ ಕಂಪ್ಯೂಟರ್ ನಿಂತ ಕ್ಷಣದಲ್ಲೇ ಆಗಿಹೋಗಿದೆ. ಅದಾದ ಮೇಲೆ ನಡೆಯೋದು ಇನ್ನೊಮ್ಮೆ ತಾಳೆ ನೋಡಿ ಬೋರ್ಡ್‌ಗೆ ಕಳಿಸೋ ಕೆಲಸ. ಈಗ ಅವಳು ಅತ್ತರೂ, ಉಪವಾಸ ಮಾಡಿದ್ರೂ, ಅಮ್ಮ ಮನೆದೇವರಿಗೆ ಹರಕೆ ಹೊತ್ತರೂ ಒಂದು ಉತ್ತರವೂ ಬದಲಾಗಲ್ಲ.

ನನಗೆ ಇದರಲ್ಲಿ ಸಮಾಧಾನ ಕಂಡಿತು. ಅಕ್ಕನಿಗೆ ಇದೇ ಹಿಂಸೆ. "ಯಾವುದೋ ಕಂಪ್ಯೂಟರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ" ಅಂತಾಳೆ.

6/7

ಐಸಿಯು ಬಾಗಿಲ ಹೊರಗೆ ಕೂತಿರೋರ ಬಗ್ಗೆ ಅವಳನ್ನ ಕೇಳಿದೆ. ಅವರೂ ಕಾಯೋರೇ ತಾನೇ. ಅವರಿಗೆ ಏನು ಹೇಳ್ತೀಯ?

"ಎಲ್ಲ ಸರಿಹೋಗುತ್ತೆ ಅಂತ ಮಾತ್ರ ಹೇಳಲ್ಲ" ಅಂದಳು. "ಅದು ನನಗೆ ಗೊತ್ತಿರಲ್ಲ, ನನಗೆ ಗೊತ್ತಿಲ್ಲ ಅನ್ನೋದು ಅವರಿಗೂ ಗೊತ್ತಿರುತ್ತೆ. ಇಷ್ಟು ಗೊತ್ತಾಗಿದೆ, ಇಷ್ಟು ಇನ್ನೂ ಗೊತ್ತಾಗಿಲ್ಲ, ಡಾಕ್ಟ್ರು ಇಷ್ಟು ಹೊತ್ತಿಗೆ ಬರ್ತಾರೆ, ಆಗ ನಾನೇ ಬಂದು ಕರೀತೀನಿ, ಅಲ್ಲಿವರೆಗೆ ಹೋಗಿ ಏನಾದ್ರೂ ತಿಂದು ಬನ್ನಿ ಅಂತೀನಿ. ಯಾವಾಗ ಗೊತ್ತಾಗುತ್ತೆ, ಯಾರು ಹೇಳ್ತಾರೆ ಅಂತ ತಿಳಿದ್ರೆ ಜನ ಎದ್ದು ಹೋಗಿ ಟೀ ಕುಡೀತಾರೆ."

ನಾವು ಅದನ್ನೇ ಮನೇಲಿ ಮಾಡಿದ್ವಿ. ಅಮೆರಿಕದಲ್ಲಿ ಆಫೀಸ್ ತೆಗೆಯೋದು ನಮಗೆ ಸಂಜೆ. ಹಾಗಾಗಿ ಹಗಲೆಲ್ಲ ಮೇಲ್ ನೋಡಿ ಪ್ರಯೋಜನವೇ ಇಲ್ಲ. ರಾತ್ರಿ 9ಕ್ಕೆ ಒಂದು ಸಲ, ನಾನು ಪಕ್ಕದಲ್ಲಿ ಕೂತಿರುವಾಗ ನೋಡ್ತಾಳೆ. ಬಂದ್ರೆ ಅವಳೇ ಎಲ್ಲರಿಗೂ ಹೇಳ್ತಾಳೆ. ಹೇಳದಿದ್ರೆ ಬಂದಿಲ್ಲ ಅಂತ ಅರ್ಥ, ಯಾರೂ ಕೇಳೋ ಹಾಗಿಲ್ಲ. ಅಮ್ಮ ಎರಡು ದಿನ ಕಣ್ಣಲ್ಲೇ ಕೇಳಿದ್ರು. ಮೂರನೇ ದಿನದಿಂದ ಅದೂ ನಿಂತಿದೆ. ಎದುರುಮನೆ ಆಂಟಿ "ಅಮೆರಿಕಾ ಯಾವಾಗಮ್ಮ?" ಅಂತ ಶುರು ಮಾಡಿದ್ರೆ ಅಜ್ಜಿ ಅವರ ಸೊಸೆಯ ಸುದ್ದಿ ಎತ್ತುತ್ತಾರೆ. ಆಂಟಿ ಐದೇ ನಿಮಿಷಕ್ಕೆ ಹೊರಡ್ತಾರೆ.

ಗಾಬರಿ ಪೂರ್ತಿ ಹೋಗಿದೆ ಅಂತಲ್ಲ. ಆದ್ರೆ ಊಟ ಮಾಡ್ತಾಳೆ, ತೋಟಕ್ಕೆ ಹೋಗಿ ಬರ್ತಾಳೆ, ಮೊನ್ನೆ 6 ಗಂಟೆ ನಿದ್ದೆ ಮಾಡಿದಳು. ವಾರಗಟ್ಟಲೆ ನಿದ್ದೆ, ಊಟ ಎರಡೂ ಕೆಟ್ಟರೆ ತಡೆದುಕೊಂಡು ಕೂರಬಾರದು ಅಂತ ನರ್ಸಾಗಿ ಅವಳೇ ಹೇಳೋದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಇಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಸೇವ್ ಮಾಡಿಟ್ಟುಕೊಳ್ಳಿ, ನಿಮಗಲ್ಲದಿದ್ರೆ ನಿಮ್ಮ ರೂಮ್‌ಮೇಟ್‌ಗೆ ಬೇಕಾಗಬಹುದು.

7/7

ಫಸ್ಟ್ ಸೆಮ್ಮಲ್ಲಿ ಕಲಿತ ಸಸ್ಪೆನ್ಸ್ ಅಕೌಂಟ್ ನೆನಪಿದೆಯಾ? ಟ್ರಯಲ್ ಬ್ಯಾಲೆನ್ಸಿನ ಎರಡು ಕಡೆ ತಾಳೆ ಆಗದಿದ್ರೆ, ಕಾರಣ ಸಿಗೋವರೆಗೆ ವ್ಯತ್ಯಾಸದ ಮೊತ್ತವನ್ನ ಅಲ್ಲಿಗೆ ಹಾಕಿಡ್ತೀವಿ. ಅದನ್ನ ಲಾಭ ಅಂತ ಬರೆಯಲ್ಲ, ನಷ್ಟ ಅಂತಲೂ ಬರೆಯಲ್ಲ. ಇದೆ ಅಂತ ಒಪ್ಪಿಕೊಂಡು, ಹೆಸರಿಟ್ಟು, ಮುಂದಿನ ಕೆಲಸ ಮಾಡ್ತೀವಿ.

ಪರೀಕ್ಷೆ ಬರೆದು ಬಂದ ಮೇಲೆ ಹೊಟ್ಟೆಯಲ್ಲಿ ಆಗೋ ಆ ಸಂಕಟ ಇದೆಯಲ್ಲ, ಅದನ್ನ ಅಕ್ಕ ಮೊದಲ ಮೂರು ದಿನ ನಷ್ಟದ ಕಡೆಗೇ ಬರೀತಿದ್ದಳು. "ಇಷ್ಟು ಭಯ ಆಗ್ತಿದೆ ಅಂದ್ರೆ ಫೇಲೇ" ಅಂತ. ಆದ್ರೆ ಪಾಸಾಗೋರಿಗೂ ಅದೇ ಸಂಕಟ ಆಗುತ್ತೆ ಅಂದ ಮೇಲೆ ಅದು ಯಾವ ಸಾಕ್ಷಿ? ಭಯಕ್ಕೆ ರಿಸಲ್ಟ್ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಸರ, ಕೊಬ್ಬರಿ ದುಡ್ಡು, 4 ವರ್ಷದ ನೈಟ್ ಡ್ಯೂಟಿ. ಅದು ಅಷ್ಟರ ತೂಕ ಹೇಳ್ತಿದೆ, ಅಷ್ಟೇ.

ಸಿಎ, ನೀಟ್, ಕೆಎಎಸ್, ಬ್ಯಾಂಕ್ ಪರೀಕ್ಷೆ ಅಂತ ನಮ್ಮಲ್ಲೂ ಎಷ್ಟೋ ಜನರ ಮನೇಲಿ ಯಾರಾದ್ರೊಬ್ಬರು ಕಾಯ್ತಿರ್ತಾರೆ. "ಏನಾಯ್ತು?" ಅಂತ ಕೇಳೋ ಬದಲು "ಎಷ್ಟು ಹೊತ್ತಿಗೆ ನೋಡ್ತೀಯ, ನಾನೂ ಕೂರಲಾ?" ಅಂತ ಕೇಳಿ ನೋಡಿ.

ಅಕ್ಕ ಇದನ್ನ ಓದಿ, ಎರಡು ಕಡೆ ತಿದ್ದಿ, ಹಾಕು ಅಂದಿದ್ದಾಳೆ. ರಿಸಲ್ಟ್ ಬಂದ ಮೇಲೆ ಇಲ್ಲಿ ಹೇಳ್ತೀನಾ ಅನ್ನೋದು ಅವಳಿಗೆ ಬಿಟ್ಟಿದ್ದು. ಅಲ್ಲಿವರೆಗೆ ದಯವಿಟ್ಟು ನೀವೂ ಕೇಳಬೇಡಿ. ಈಗ 8:50. ಪಕ್ಕದಲ್ಲಿ ಕೂರೋಕೆ ಹೋಗ್ತಿದ್ದೀನಿ.