ಊರು ಮಾಡತಿದ್ದ ಕೆಲಸಾ

"ಎರಡು ಸಣ್ಣ ಹುಡುಗೂರನ್ನ ಕಟಿಗೊಂಡು ಆ ಥಂಡಿ ದೇಶದಾಗ ಏಳು ವರ್ಷ ಹ್ಯಾಂಗ ಇದ್ದಿವಾ?" ಅಂತ ಹೊಳ್ಳಿ ಬಂದಾಗಿಂದ ಎಲ್ಲಾರೂ ಕೇಳಲಿಕ್ಕೆ ಹತ್ಯಾರ. ಹಾಲು ತರಲಿಕ್ಕೆ ಹೋದ್ರೂ ಅದೇ ಮಾತು, ಅರಿಷಿಣ ಕುಂಕುಮಕ್ಕ ಹೋದ್ರೂ ಅದೇ ಮಾತು. ಥಂಡಿದು ದೊಡ್ಡ ಮಾತಲ್ರಿ. ಸ್ವೆಟರ್ ಮ್ಯಾಲೆ ಜಾಕೀಟ್ ಹಾಕಿದ್ರ ಮುಗೀತು. ಊಟಕ್ಕೂ ಏನೂ ಕಡಿಮಿ ಇರಲಿಲ್ಲ, ಹುಣಸೀಹಣ್ಣು, ಬ್ಯಾಳಿ, ಸಾಸಿವಿ ಎಲ್ಲಾ ಸಿಗತಿದ್ವು. ಹೇಳಬೇಕಾದ ಮಾತು ಬ್ಯಾರೇನ ಅದ. ಅದನ್ನ ಬಾಗಲದಾಗ ನಿಂತು ಹೇಳಲಿಕ್ಕೆ ಆಗಂಗಿಲ್ಲ. ಅದಕ್ಕ ಇಲ್ಲೆ ಬರಿಯಲಿಕ್ಕೆ ಹತ್ತೇನಿ.

ನೋಡ್ರಿ, ನಮ್ಮ ಧಾರವಾಡದಾಗ ಒಂದು ಕೂಸಿಗೆ ಮಾತು ಕಲಸೋರು ಯಾರು? ತಾಯಿ ಕಲಸತಾಳ ಅಂತ ಅಂತೇವಿ. ಆದ್ರ ಮುಂಜಾನೆ ಹಾಲಿನಾಂವ ಬಂದು "ಏನ್ರೀ ಸಾಹೇಬ್ರ, ಎದ್ರೇನು?" ಅಂತಾನ. ಕಾಯಿಪಲ್ಯೆದಾಕಿ ಬುಟ್ಟಿ ಇಳಿಸಿ ಕೈಯಾಗ ಒಂದು ಗಜ್ಜರಿ ಕೊಡತಾಳ. ಬಾಜೂ ಮನಿ ಕಾಕು ಕಟ್ಟಿ ಮ್ಯಾಲೆ ಕೂಡಿಸಿಕೊಂಡು ಊಟಾ ಮಾಡಸತಾರ. ಅಜ್ಜ ಪೇಪರ್ ಓದಕೋತ ನಡುವ ಒಂದು ಸಲೆ ಗದರತಾರ, ಅಜ್ಜಿ ಬತ್ತಿ ಹೊಸಕೋತ ಕತಿ ಹೇಳತಾರ. ಓಣಿ ಹುಡುಗೂರ ಜೋಡಿ ಜಗಳಾಡಲಿಕ್ಕೂ ಮಾತು ಬೇಕಲ್ಲಾ, ಅದನ್ನೂ ಕಲೀತಾವ. ದಿನಕ್ಕ ಹತ್ತು ಹದಿನೈದು ಮಂದಿ ಒಂದು ಕೂಸಿನ ಜೋಡಿ ಕನ್ನಡ ಮಾತಾಡತಾರ, ಯಾರೂ ಅದಕ್ಕ ಪಾಠ ಅನ್ನಂಗಿಲ್ಲ.

ಮಾತಷ್ಟ ಅಲ್ಲ. ಯಾರಿಗೆ ಕಾಕು ಅನಬೇಕು, ಯಾರಿಗೆ ಮೌಶಿ ಅನಬೇಕು, ಮಣ್ಣೆತ್ತಿನ ಅಮಾಸಿ ಯಾವಾಗ ಬರತದ, ದಸರಾಕ್ಕ ಬನ್ನಿ ಕೊಟ್ಟು ಹಿರೇರಿಗೆ ಹ್ಯಾಂಗ ನಮಸ್ಕಾರ ಮಾಡಬೇಕು, ಇವೆಲ್ಲಾ ಊರು ಕಲಸತದ. ನಾವು ಒಳಗ ಅಡಗಿ ಮಾಡಕೋತ ಇದ್ದಾಗ ಊರು ಹೊರಗ ತನ್ನ ಕೆಲಸಾ ಮುಗಿಸಿರತದ. ಹೊರದೇಶಕ್ಕ ಹೋದ ಮ್ಯಾಲೆ ನನಗ ತಿಳಿದದ್ದು ಇದು. ಪಗಾರ ಇಲ್ಲದ ಊರು ಮಾಡತಿದ್ದ ಆ ಕೆಲಸಾ ಎಲ್ಲಾ ಇಬ್ಬರ ತಲಿ ಮ್ಯಾಲೆ ಬರತದ. ಆ ಇಬ್ಬರಾಗ ಒಬ್ಬರು ಮುಂಜಾನೆ ಎಂಟಕ್ಕ ಆಫೀಸಿಗೆ ಹೋದ್ರ ಸಂಜಿ ಆರಕ್ಕ ಬರವರು.

ನಾವು ಇದ್ದದ್ದು ಜರ್ಮನಿಯ ಸ್ಟುಟ್‌ಗಾರ್ಟ್ ಊರಾಗ. ಹೋದಾಗ ದೊಡ್ಡಾಂವಗ ಮೂರು ವರ್ಷ. ಸಣ್ಣಾಕಿ ಎರಡನೇ ವರ್ಷ ಅಲ್ಲೇ ಹುಟ್ಟಿದ್ಲು. ಅಲ್ಲೆ ರವಿವಾರ ಅಂಗಡಿ ಎಲ್ಲಾ ಬಂದ್. ಗ್ವಾಡಿಗೆ ಮೊಳಿ ಬಡಿಯೋ ಹಂಗಿಲ್ಲ, ಮಂದಿಗೆ ತ್ರಾಸ ಆಗೋ ಹಂಗ ಗದ್ದಲಾ ಮಾಡೋ ಹಂಗಿಲ್ಲ. ಡಿಸೆಂಬರದಾಗ ಸಂಜಿ ನಾಕೂವರಿಗೆ ಕತ್ತಲಿ. ಕಿಡಕ್ಯಾಗ ನಿಂತು ಮಗ "ಅಮ್ಮಾ, ಮಂದಿ ಎಲ್ಲೆ ಹೋದ್ರು?" ಅಂತ ಕೇಳತಿದ್ದ.

ಇಲ್ಲೆ ಕೂಸಿಗೆ ಜ್ವರಾ ಬಂದ್ರ ಮನಿ ತುಂಬ ಮಂದಿ. ಒಬ್ಬರು ಹಣಿ ಮ್ಯಾಲೆ ತಣ್ಣೀರಿನ ಅರಬಿ ಇಡತಾರ, ಒಬ್ಬರು ದೃಷ್ಟಿ ತಗೀತಾರ, ಒಬ್ಬರು ಗಾಡಿ ತಗದು ನಿಲ್ಲಸತಾರ. ಅಲ್ಲೆ ರಾತ್ರಿ ಒಂದಕ್ಕ ಮಗನ ಮೈ ಸುಡಲಿಕ್ಕೆ ಹತ್ತಿದ್ರ ನಾವಿಬ್ಬರ. ಫ್ರಿಜ್ ಮ್ಯಾಲೆ ಎರಡು ನಂಬರ್ ಬರದು ಅಂಟಿಸಿದ್ವಿ. ಜೀವಕ್ಕ ಅಪಾಯ ಅಂದ್ರ 112. ರಾತ್ರಿ, ಸೂಟಿ ದಿನಾ ಡಾಕ್ಟರ್ ಬೇಕಂದ್ರ 116117. ಮೂರನೇ ನಂಬರ್ ಬರಿಯೋ ಅಗತ್ಯ ಇರಲಿಲ್ಲ, ಅದು ನಮ್ಮ ಅವ್ವಂದು. ಚಳಿಗಾಲದಾಗ ಇಲ್ಲಿ ಗಡಿಯಾರ ಅಲ್ಲೆಕ್ಕಿಂತ ನಾಕೂವರಿ ತಾಸು ಮುಂದ, ಬ್ಯಾಸಗ್ಯಾಗ ಮೂರೂವರಿ. ಹಿಂಗಾಗಿ ಅಲ್ಲೆ ರಾತ್ರಿ ಒಂದು ಅಂದ್ರ ಇಲ್ಲೆ ಮುಂಜಾನೆ ಐದೂವರಿ, ಅವ್ವ ಎದ್ದು ಅಂಗಳಾ ಕಸಾ ಹೊಡಿಯೋ ಹೊತ್ತು. ಅಕಿ ಔಷಧ ಏನೂ ಹೇಳತಿರಲಿಲ್ಲ. "ನೀ ಕೂಡು, ನಾ ಫೋನ್ ಇಡಂಗಿಲ್ಲ" ಅಂತ ಫೋನ್ ಕಟ್ಟಿ ಮ್ಯಾಲೆ ಇಟ್ಟು ತನ್ನ ಕೆಲಸಾ ಮಾಡತಿದ್ಲು. ಕಸಬರಗಿ ಸಪ್ಪಳಾ ಕೇಳಕೋತ ನಾ ಮಗನ ಬಾಜೂ ಕೂಡತಿದ್ದೆ. ಅಷ್ಟ ಸಾಕಾಗತಿತ್ತು.

ಮಗನ್ನ ಕಿಟಾಕ್ಕ ಹಾಕಿದ್ವಿ. ಕಿಟಾ ಅಂದ್ರ ನಮ್ಮ ಬಾಲವಾಡಿ ಇದ್ದಂಗ. ಅಲ್ಲೆ ಕೂಸಿನ್ನ ಅಳಸಿ ಬಾಗಲಾ ಹಾಕೂದಿಲ್ಲ. ಮೊದಲ ಕೆಲವು ದಿನಾ ತಾಯಿ ಅಲ್ಲೇ ಮೂಲ್ಯಾಗ ಕೂಡಬೇಕು. ಆಮ್ಯಾಲೆ ಹತ್ತು ನಿಮಿಷ ಹೊರಗ ಹೋಗಿ ಬರಬೇಕು, ಆಮ್ಯಾಲೆ ಅರ್ಧಾ ತಾಸು. ಹಿಂಗ ಎರಡು ಮೂರು ವಾರಕ್ಕ ಕೂಸು ತಾನ ಕೈ ಬಿಡತದ. ಮಳಿ ಬಂದ್ರೂ ದಿನಾ ಹೊರಗ ಕರಕೊಂಡು ಹೋಗತಾರ. ರಾಡಿಯೊಳಗ ಆಡಲಿಕ್ಕಂತನ ಒಂದು ರಬ್ಬರಿನಂಥಾ ಪ್ಯಾಂಟು, ಉದ್ದನ್ನ ಬೂಟು. ಮೊದಲನೇ ವಾರನ ಅಲ್ಲಿ ಟೀಚರ್ ನಮಗ ಹೇಳಿದ್ರು: "ಮನ್ಯಾಗ ನೀವು ನಿಮ್ಮ ಭಾಷಾನ ಮಾತಾಡ್ರಿ. ಜರ್ಮನ್ ಕಲಸೂದು ನಮಗ ಬಿಡ್ರಿ." 

ಖರೇನ ಆರು ತಿಂಗಳದಾಗ ಮಗನ ಬಾಯಾಗ ಜರ್ಮನ್ ಬಂತು. ಅದರ ಸಂತೋಷನೂ ಆತು. ಕನ್ನಡಾನೂ ಇತ್ತು. ಕಠಿಣ ಆಗಿದ್ದು ಸಣ್ಣಾಕಿ ಮಾತಾಡಲಿಕ್ಕೆ ಹತ್ತಿದ ಮ್ಯಾಲೆ. ಅಣ್ಣಾ ತಂಗಿ ಆಟಾ ಆಡೂದು ಜರ್ಮನ್‌ದಾಗ, ಜಗಳಾಡೂದು ಜರ್ಮನ್‌ದಾಗ. ನಾ ಕನ್ನಡದಾಗ ಕೇಳಿದ್ರ ಅಕಿ ಜರ್ಮನ್‌ದಾಗ ಉತ್ತರಾ ಕೊಡತಿದ್ಲು. ಎಲ್ಲಾ ತಿಳೀತಿತ್ತು, ಬಾಯಿಗೆ ಬರತಿರಲಿಲ್ಲ. ಅಜ್ಜಿ ಫೋನ್ ಬಂದ್ರ "ಹಾಂ, ಊಟಾ ಆತು, ಬಾಯ್" ಅಂತ ಮೂರು ಮಾತಿಗೆ ಓಡಿ ಹೋಗತಿದ್ಲು.

ದೊಡ್ಡಾಂವಂದು ಇನ್ನೊಂದು ನಮೂನಿ. ಜರ್ಮನ್‌ದಾಗೂ ನೀ, ನೀವು ಎರಡೂ ಅವ. ಆದ್ರ ಅಲ್ಲೆ ಮನಿ ಮಂದಿಗೆ, ಅಜ್ಜ ಅಜ್ಜಿಗೂ, 'ನೀ' ಅಂತಾರ. 'ನೀವು' ಅನ್ನೂದು ಹೊರಗಿನ ಮಂದಿಗೆ. ಇಂವ ಒಂದಿನ ಅಜ್ಜಗ "ನೀ ಯಾವಾಗ ಬರತಿ?" ಅಂದ. ನಮ್ಮ ಮಾವನವರು ನಕ್ಕರು, ಅತ್ತಿಯವರ ಮುಖಾ ಸಣ್ಣದಾತು. ಆಮ್ಯಾಲೆ ನಾ ತಿಳಿಸಿ ಹೇಳಿದಾಗ ಮಗ ಅಂದ: "ನೀವು ಅಂದ್ರ ಅಜ್ಜ ಪರಕೀ ಆಗತಾರಲ್ಲಾ ಅಮ್ಮಾ?" ಅವನ ಲೆಕ್ಕಕ್ಕ ಅದು ಬರೋಬರಿನ ಇತ್ತು. ನಮ್ಮಲ್ಲೆ ಜೀವಕ್ಕ ಹತ್ತಿರದವರಿಗೂ ನೀವು ಅಂತೇವಿ ಅನ್ನೂದನ್ನ ಇಲ್ಲೆ ಆಗಿದ್ರ ಓಣಿ ಕಲಸತಿತ್ತು. ಅಲ್ಲೆ ನಾ ಕೂತು ಕಲಸಬೇಕಾತು.

ಇಷ್ಟಾದಾಗ ಐದನೇ ವರ್ಷ ಮಾವನವರ ಕಣ್ಣು ಭಾಳ ಮಂದ ಆದವು. ವಿಡಿಯೋದಾಗ ಮುಖಾ ಕಾಣಲಾರದ ಹಂಗಾತು. ಅಲ್ಲಿ ತನಕ ಮೊಮ್ಮಕ್ಕಳು ಮಾತಾಡದಿದ್ರೂ ನೋಡಿ ಸಂತೋಷಪಡತಿದ್ರು. ಅಲ್ಲಿಂದ ಮುಂದ ಅವರಿಗೆ ಮೊಮ್ಮಕ್ಕಳು ಅಂದ್ರ ಬರೇ ಧ್ವನಿ. ಆ ಧ್ವನಿ ಜರ್ಮನ್ ಆಗಿಬಿಟ್ರ ಅವರಿಗೆ ಏನು ಉಳೀತದ? ಅವತ್ತಿನಿಂದ ಕನ್ನಡ ಅನ್ನೂದು ನಮಗ ಅಭಿಮಾನದ ಮಾತಾಗಿ ಉಳೀಲಿಲ್ಲ, ದಿನದ ಅಡಗಿ ಹಂಗ ಮಾಡಲೇಬೇಕಾದ ಕೆಲಸಾ ಆತು.

"ಅಜ್ಜಿ ಜೋಡಿ ಮಾತಾಡು" ಅಂದ್ರ ಯಾವ ಹುಡುಗೂರೂ ಮಾತಾಡಂಗಿಲ್ರಿ. ಮಾತಿಗೆ ಒಂದು ಕೆಲಸಾ ಬೇಕು. ಹಿಂಗಾಗಿ ನಾವು ಫೋನಿಗೆ ಕೆಲಸಾ ಹಚ್ಚಿದ್ವಿ. ಅಲ್ಲೆ ಸಂಜಿ ಐದಕ್ಕ, ಇಲ್ಲೆ ರಾತ್ರಿ ಊಟಾ ಆದ ಮ್ಯಾಲೆ, ಅತ್ತಿಯವರು ಹೂಬತ್ತಿ ಮಾಡಕೋತ ಕೂಡೋರು. ಸಣ್ಣಾಕಿ ಅಲ್ಲೆ ಹತ್ತಿ ಹಿಡಕೊಂಡು ಕೂಡೋಳು. "ಅಜ್ಜಿ, ನಂದು ಬಿಚ್ಚತದ" ಅನ್ನೂದು ಅಕಿ ತಾನಾಗಿ ಅಂದ ಮೊದಲನೇ ಮಾತು. ಅಜ್ಜಗ ಕಣ್ಣು ಕಾಣಂಗಿಲ್ಲ ಅಂತ ಗೊತ್ತಾದ ಮ್ಯಾಲೆ ದೊಡ್ಡಾಂವ ಕಿಡಕ್ಯಾಗಿಂದ ಕಾಣೂದೆಲ್ಲಾ ಅವರಿಗೆ ಹೇಳಲಿಕ್ಕೆ ಸುರು ಮಾಡಿದ. ಹಿಮಾ ಎಷ್ಟು ಬಿದ್ದದ, ಬಸ್ಸು ಯಾವ ಬಣ್ಣದ್ದು, ಎದುರು ಮನಿ ನಾಯಿ ಏನು ಮಾಡಲಿಕ್ಕೆ ಹತ್ತದ. ಅಜ್ಜ ಕೇಳಿ ಕೇಳಿ ಹೊಸಾ ಮಾತು ಹೊರಗ ತಗಸತಿದ್ರು. "ಹಿಮಾ ಬಿದ್ದದ ಅಂದಿ, ಹ್ಯಾಂಗ ಬಿದ್ದದ? ಹಿಟ್ಟಿನಂಗೋ, ಸಾಬೂದಾಣಿ ಹಂಗೋ?" ಅಂವ ಹೊರಗ ಹೋಗಿ ಮುಟ್ಟಿ ಬಂದು ಹೇಳಬೇಕು. ಕಾಣದ ಕಣ್ಣಿಗೆ ತೋರಸಲಿಕ್ಕೆ ಹೋಗಿ ಹುಡುಗ ಕನ್ನಡ ಕಲತ.

ಒಂದು ರವಿವಾರ ಮಕ್ಕಳನ್ನ ಟ್ಯೂಬಿಂಗನ್‌ಗೆ ಕರಕೊಂಡು ಹೋದ್ವಿ. ಸ್ಟುಟ್‌ಗಾರ್ಟ್‌ದಿಂದ ರೈಲಿನಾಗ ಸುಮಾರು ಒಂದು ತಾಸು, ಅದ ನೆಕ್ಕಾರ್ ನದಿ ದಂಡಿ ಮ್ಯಾಲೆ ಇರೋ ಊರು. ನಮ್ಮ ಕಿಟೆಲ್ ಕಾಲೇಜಿನ ಹೆಸರು ಯಾರದು ಗೊತ್ತದಲ್ಲಾ? ಆ ಫರ್ಡಿನಾಂಡ್ ಕಿಟೆಲ್ ಸಾಹೇಬರು 1853ರಾಗ ನಮ್ಮ ನಾಡಿಗೆ ಬಂದು, ಕನ್ನಡ ಕಲತು, 1894ರಾಗ ಅಷ್ಟು ದೊಡ್ಡ ಕನ್ನಡ ಇಂಗ್ಲಿಷ್ ನಿಘಂಟು ತಂದವರು. 1903ರಾಗ ತೀರಕೊಂಡದ್ದು ಟ್ಯೂಬಿಂಗನ್‌ನಾಗ. ಮಗಗ ಭಾಳ ಆಶ್ಚರ್ಯ ಆತು. ಕನ್ನಡ ಅಂದ್ರ ನಮ್ಮ ಮನ್ಯಾಗಷ್ಟ ಇರೋ ಮಾತು ಅಂತ ಅವನ ಮನಸ್ಸಿನ್ಯಾಗ ಇತ್ತೋ ಏನೋ. "ಜರ್ಮನ್ ಮಂದಿನೂ ಕಲತಾರ? ಅವರಿಗೆ ಕಲಸಲಿಕ್ಕೆ ಅಜ್ಜ ಇದ್ರೇನು?" ಅಂದ. ಅಲ್ಲಿಂದ ಮುಂದ ಹೊರಗ ಬಸ್ಸಿನಾಗ ಕನ್ನಡ ಮಾತಾಡಲಿಕ್ಕೆ ಸಂಕೋಚ ಮಾಡಲಿಲ್ಲ.

ಇದು ನಾವು ಮಾಡಿದ ಕೆಲಸಾ. ಆದ್ರ ಎಲ್ಲಾ ನಾವ ಮಾಡತೇವಿ ಅಂದ್ರ ಜೀವಾ ಸಾಲಂಗಿಲ್ಲ. ಕೆಲವು ಕೆಲಸಾ ಆ ಊರಿಗೇ ಬಿಟ್ವಿ. ಅಲ್ಲಿ ಒಂದನೇತ್ತಾ ಹುಡುಗೂರು ತಾವ ನಡಕೋತ ಸಾಲಿಗೆ ಹೋಗತಾವ. ಮೊದಲನೇ ವಾರ ನನಗ ಚಹಾ ಗಂಟಲದಾಗ ಇಳೀಲಿಲ್ಲ, ಆದ್ರೂ ಬಿಟ್ವಿ. ಈಜಲಿಕ್ಕೆ ಹಾಕಿದ್ವಿ. ದಂಡಿ ಮ್ಯಾಲಿಂದ ಜಿಗಿದು 25 ಮೀಟರ್ ಈಜಿ, ನೀರಿನ ಬುಡಕ್ಕ ಬಿದ್ದ ಸಾಮಾನು ಎತ್ತಿ ತಂದ್ರ ಸಮುದ್ರಕುದುರಿ ಚಿತ್ರದ ಒಂದು ಬಿಲ್ಲೆ ಕೊಡತಾರ. ಅದನ್ನ ಟಾವೆಲ್ಲಿಗೆ ಹಚ್ಚಿ ಹೊಲದು ಕೊಟ್ಟೆ. ನಾಕನೇತ್ತಾದಾಗ ಸೈಕಲ್ ಪರೀಕ್ಷಾ, ಪೋಲೀಸರ ಬಂದು ರಸ್ತೆದ ನಿಯಮಾ ಕಲಸತಾರ. ನವೆಂಬರ 11ರ ಸುಮಾರಿಗೆ ಸೇಂಟ್ ಮಾರ್ಟಿನ್ ಹಬ್ಬಕ್ಕ ಹುಡುಗೂರೆಲ್ಲಾ ಕಾಗದದ ಕಂದೀಲು ಹಿಡಕೊಂಡು ಹಾಡಕೋತ ಹೋಗತಾವ. ದೀಪಾವಳಿ ಆಕಾಶಬುಟ್ಟಿ ಇಳಿಸೋದ್ರಾಗ ಅದು ಬರತಿತ್ತು. ನಮ್ಮವು ಎರಡೂ ಹಬ್ಬ ತಮ್ಮವು ಅಂದ್ವು.

ಮತ್ತ ಆ ಊರಿನ್ಯಾಗೂ ಒಂದು ಓಣಿ ಸಿಕ್ಕತು, ಅದೂ ಕಸಬರಗಿಯಿಂದ. ಸ್ಟುಟ್‌ಗಾರ್ಟ್ ಕಡೆ 'ಕೇರ್‌ವೋಖ' ಅಂತ ಒಂದು ಪದ್ಧತಿ ಅದ, ಅಂದ್ರ ಕಸಾ ಹೊಡಿಯೋ ವಾರ. ಅಪಾರ್ಟ್‌ಮೆಂಟಿನ ಮೆಟ್ಟಲಾ, ಅಂಗಳಾ ಒಂದೊಂದು ವಾರ ಒಂದೊಂದು ಮನಿಯವರು ಸ್ವಚ್ಛ ಮಾಡಬೇಕು. ಪಾಳಿ ಬಂದವರ ಬಾಗಲಕ್ಕ ಒಂದು ಫಲಕ ತೂಗಬಿಡತಾರ. ನಮ್ಮ ಪಾಳಿ ಬಂದಾಗ ಎದುರು ಮನಿ ಮುದುಕಿ ತಾವ ಬಂದು ಮೂಲಿ ಹ್ಯಾಂಗ ಹೊಡಿಯಬೇಕು ಅಂತ ತೋರಿಸಿದ್ರು. ನಾ ಮೆಟ್ಟಲಾ ಒರಸಿ, ಅಭ್ಯಾಸಬಲ, ನಮ್ಮ ಬಾಗಲ ಮುಂದ ಒಂದು ಸಣ್ಣ ರಂಗೋಲಿ ಹಾಕಿದೆ. ಇದೇನು ಅಂತ ಕೇಳಲಿಕ್ಕೆ ಬಂದವರು ಚಹಾ ಕುಡದು ಹೋದ್ರು. ಆಮ್ಯಾಲೆ ಏಳು ವರ್ಷ ನಮ್ಮ ಮಕ್ಕಳಿಗೆ ಅವರು ಅಲ್ಲಿ ಅಜ್ಜಿ. ಸಣ್ಣಾಕಿನ್ನ ಹಡಿಯಲಿಕ್ಕೆ ನಾ ದವಾಖಾನಿಗೆ ಹೋದ ರಾತ್ರಿ ಮಗ ಅವರ ಮನ್ಯಾಗ ಮಲಗಿದ್ದ. ಇಲ್ಲೆ ಓಣಿ ತಾನಾಗೇ ಮನಿಗೆ ಬರತದ, ಅಲ್ಲೆ ನಾವ ಹೋಗಿ ಬಾಗಲಾ ಬಡೀಬೇಕು. ಬಡದ್ರ ತಗೀತಾರ್ರಿ.

ಅಲ್ಲಿ ಪ್ರಾಥಮಿಕ ಸಾಲಿ ನಾಕನೇತ್ತಾ ತನಕ. ಆಮ್ಯಾಲೆ ಬ್ಯಾರೆ ಬ್ಯಾರೆ ನಮೂನಿ ಸಾಲಿಗೆ ಹುಡುಗೂರು ಹಂಚಿ ಹೋಗತಾವ. ಇರೂದಾದ್ರ ಇನ್ನೂ ಎಂಟು ಹತ್ತು ವರ್ಷ, ಇಲ್ಲಂದ್ರ ಈಗ, ಅಂತ ಯೋಚನಿ ಮಾಡಿ ಹೊಳ್ಳಿ ಬಂದ್ವಿ. ಬಂದ ದಿನಾ ಮಾವನವರು ಮಕ್ಕಳ ಮುಖಾ ಕೈಯಿಂದ ಸವರಿ ನೋಡಿದ್ರು. "ಧ್ವನಿ ಕೇಳಿ ಇನ್ನೂ ಎತ್ತರ ಇದ್ದಾನ ಅನಕೊಂಡಿದ್ದೆ" ಅಂದ್ರು ದೊಡ್ಡಾಂವಗ. ಅಂವ "ಬೆಳೀತೇನಿ, ಸ್ವಲ್ಪ ತಡೀರಿ ಅಜ್ಜಾ" ಅಂದ. ತಡೀರಿ ಅಂದ ಅನ್ನೂದನ್ನ ಅತ್ತಿಯವರು ಇವತ್ತಿಗೂ ಬಂದವರಿಗೆಲ್ಲಾ ಹೇಳತಾರ.

ಎಲ್ಲಾ ಸುರಳೀತ ಆತು ಅಂತಲ್ಲ. ಕನ್ನಡ ಓದೂದು ಬರಿಯೂದು ದೊಡ್ಡಾಂವ ಈಗ ಕಲಿಯಲಿಕ್ಕೆ ಹತ್ಯಾನ, ಒತ್ತಕ್ಷರಕ್ಕ ಬಂದ್ರ ಸಿಟ್ಟಾಗತಾನ. ಸಣ್ಣಾಕಿ ಹಾರ್ನ್ ಸಪ್ಪಳಕ್ಕ ಇನ್ನೂ ಕಿವಿ ಮುಚ್ಚಿಕೊಳ್ಳತಾಳ. ಈಗ ಜಾರಲಿಕ್ಕೆ ಹತ್ತಿದ್ದು ಜರ್ಮನ್. ಅದನ್ನ ಈ ಊರು ಕಲಸಂಗಿಲ್ಲ. ಅದಕ್ಕ ರವಿವಾರ ಸಂಜಿ ಆ ಎದುರು ಮನಿ ಅಜ್ಜಿಗೆ ಫೋನ್ ಮಾಡತೇವಿ. ಅವರೂ ಒಂಟಿ ಜೀವ, ಹಾದಿ ನೋಡತಿರತಾರ.

ಈಗ ನಮ್ಮ ಬಳಗದಾಗನ ಎಷ್ಟು ಮನಿ ಮಕ್ಕಳು ಹೊರಗ ಇದ್ದಾರ ನೋಡ್ರಿ. ಹೋಗೋರಿಗೆ ಹಿಂಡಿ, ಚಟ್ನಿಪುಡಿ, ಮೆಂತ್ಯೆಹಿಟ್ಟು ಕಟ್ಟಿ ಕೊಡತೇವಿ, ಕೊಡೋಣ. ಆದ್ರ ಹೆಚ್ಚಿನ ಕೆಲಸಾ ಇಲ್ಲೆ ಇದ್ದವರ ಕೈಯಾಗ ಅದ. ಕಾಕುಗಳ್ರಾ, ಮಾಮಿಗಳ್ರಾ, ವೈನಿಗಳ್ರಾ, ಆ ಹುಡುಗೂರ ಊರು ನೀವ. ಫೋನ್ ಬಂದಾಗ "ಊಟಾ ಆತೇನು, ಸಾಲಿ ಹ್ಯಾಂಗ ನಡದದ" ಅಂತ ಕೇಳಿ ಅವರ ತಾಯಿ ಕೈಗೆ ಕೊಡಬ್ಯಾಡ್ರಿ. ನಿಮ್ಮ ಅಂಗಳದಾಗ ಬೆಕ್ಕು ಮರಿ ಹಾಕಿದ್ದು ತೋರಸ್ರಿ. ಹೋಳಗಿ ಹರದಿದ್ದು ತೋರಸ್ರಿ. ಒಂದು ಕತಿ ಅರ್ಧಾ ಹೇಳಿ ನಿಲ್ಲಸ್ರಿ. ಅವು ಕನ್ನಡದಾಗ ತಪ್ಪಾಡಿದ್ರ ನಗಬ್ಯಾಡ್ರಿ, ನಕ್ರ ಮುಂದಿನ ಸಲೆ ಬಾಯಿ ತಗಿಯಂಗಿಲ್ಲ. ವಾರಕ್ಕ ಹದಿನೈದು ನಿಮಿಷ ಸಾಕು. ನಿಮ್ಮ ಮನಿ ಮೊಮ್ಮಕ್ಕಳು ಯಾವ ಊರಾಗ ಇದ್ದಾವ, ಅವು ಏನು ಕೇಳಿದ್ರ ಮಾತಾಡತಾವ, ನನಗೂ ತಿಳಸ್ರಿ.