ದೊಡ್ಡ ಮೋಟಾರ್ ಸೈಕಲ್ಲೂ ನಮ್ಮ ಸೀಮೆಯ ದಾರಿಗಳೂ

ಇತ್ತೀಚಿನ ವರ್ಷಗಳಲ್ಲಿ ಬಾಗಲಕೋಟೆ ಸೀಮೆಯ ಅನೇಕ ಮನೆಗಳಲ್ಲಿ ಒಂದು ಹೊಸ ಬೇಡಿಕೆ ಕೇಳಿಬರುತ್ತಿದೆ. ಓದು ಮುಗಿಸಿ ನೌಕರಿ ಹಿಡಿದ ಮಗ ಎತ್ತರದ, ಕೊಕ್ಕಿನಂಥ ಮೂತಿಯ ‘ಅಡ್ವೆಂಚರ್’ ಮೋಟಾರ್ ಸೈಕಲ್ ಬೇಕೆನ್ನುತ್ತಾನೆ. ತಂದೆ ಬೆಲೆ ಕೇಳಿ ಸುಮ್ಮನಾಗುತ್ತಾರೆ. ತಾಯಿ ‘ಇದರ ಮ್ಯಾಲೆ ನಾ ಹೆಂಗ ಕೂಡ್ಲೆಪಾ?’ ಎನ್ನುತ್ತಾರೆ. ಇವುಗಳಲ್ಲಿ ತಾಯಿಯ ಪ್ರಶ್ನೆಯೇ ಮುಖ್ಯವಾದುದೆಂದು ನಮ್ಮ ಅಭಿಪ್ರಾಯ.

ಇಂಥ ಗಾಡಿಯನ್ನು ಅಂಗಡಿಯ ನುಣುಪಾದ ನೆಲದ ಮೇಲೆ ನೋಡಿ ನಿರ್ಧರಿಸಬಾರದು. ಬಾಗಲಕೋಟೆಯಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಹುನಗುಂದಗಳ ಮೇಲೆ ಇಳಕಲ್ಲಿಗೆ ಹೋಗುವ ದಾರಿಯನ್ನು ಒಮ್ಮೆ ನೆನೆದರೆ ಸಾಕು, ಗಾಡಿಯ ಗುಣವೂ ಸವಾರನ ಗುಣವೂ ತಿಳಿದುಬರುತ್ತವೆ. ನಮ್ಮ ಜನ ವರ್ಷಕ್ಕೊಮ್ಮೆಯಾದರೂ ದರ್ಶನಕ್ಕೋ ಮದುವೆಯ ಜವಳಿಗೋ ಹಾಯುವ ದಾರಿಯೇ ಇದು.

ಮೊದಲು ತೂಕದ ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಯಜ್ಡಿ 250 ಸಿಸಿಯದು. ಆ ಕಾಲಕ್ಕೆ ಅದು ದೊಡ್ಡ ಗಾಡಿಯೇ. ಇಂದು ಮನೆಮನೆಯಲ್ಲಿರುವ ನೂರು ಸಿಸಿಯ ಸ್ಪ್ಲೆಂಡರ್ ತೂಗುವುದು ಸುಮಾರು 112 ಕಿಲೋ. 2023ರಲ್ಲಿ ಬಂದ 452 ಸಿಸಿಯ ಹಿಮಾಲಯನ್ 196 ಕಿಲೋ. ಅದರ ಆಸನ ನೆಲದಿಂದ 825 ಮಿಲಿಮೀಟರ್ ಎತ್ತರ. ಬಿಎಂಡಬ್ಲ್ಯುದ 1300 ಜಿಎಸ್ 237 ಕಿಲೋ. ಓಡುವಾಗ ಈ ತೂಕ ತಿಳಿಯುವುದಿಲ್ಲ. ನಿಂತಾಗ, ಹಿಂದಕ್ಕೆ ಸರಿಸುವಾಗ, ಬಿದ್ದಾಗ ತಿಳಿಯುತ್ತದೆ.

ಬಾದಾಮಿಗೆ ಬಂದಾಗ ಅದರ ಅನುಭವವಾಗುತ್ತದೆ. ಕೆಂಪು ಮರಳುಗಲ್ಲಿನ ಬಂಡೆಗಳ ನಡುವೆ ಅಗಸ್ತ್ಯತೀರ್ಥ. ಅದರ ಬದಿಗೆ ಊರಿನ ಹಳೆಯ ಓಣಿಗಳು. ಎದುರಿಗೆ ಎಮ್ಮೆ, ಹಿಂದೆ ಆಟೋ, ನಡುವೆ ಗಾಡಿ ತಿರುಗಿಸಬೇಕು. ಎರಡೂ ಪಾದ ನೆಲಕ್ಕೆ ಊರದವನಿಗೆ ಅಲ್ಲಿ ಬೆವರು ಬರುತ್ತದೆ. ಬನಶಂಕರಿ ಜಾತ್ರೆಯ ಬನದ ಹುಣ್ಣಿಮೆಯ ದಿನಗಳಲ್ಲಂತೂ ಜನರ ನಡಿಗೆಯ ವೇಗದಲ್ಲೇ ಸಾಗಬೇಕು. ದೊಡ್ಡ ಎಂಜಿನ್ನಿನ ಕಾವು ಕಾಲಿಗೆ ತಟ್ಟುತ್ತದೆ, ಕ್ಲಚ್ ಹಿಡಿದು ಹಿಡಿದು ಕೈ ಸೋಲುತ್ತದೆ. ಗಾಡಿ ನಿಲ್ಲಿಸಿದಲ್ಲೆಲ್ಲ ಹತ್ತು ಜನ ಕೂಡಿ ‘ಆವರೇಜ್ ಎಷ್ಟ ಕೊಡತೈತ್ರೀ?’ ಎಂದು ಕೇಳುವುದು ಬೇರೆ.

ಪಟ್ಟದಕಲ್ಲು ದಾಟಿ ಮಲಪ್ರಭೆಯ ಬಯಲಿಗೆ ಬಂದರೆ ಎರೆಭೂಮಿ. ಹಿಂಗಾರಿ ಜೋಳ ನಿಂತ ಕಾಲಕ್ಕೆ ಆ ಬಯಲನ್ನು ನೋಡುವುದೇ ಒಂದು ಭಾಗ್ಯ. ಆದರೆ ಒಂದು ಮಳೆ ಬಿದ್ದರೆ ಸಾಕು, ಹೊಲದ ದಾರಿಯ ಎರೆಮಣ್ಣು ಗಾಲಿಗೆ ಸುತ್ತಿ, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕೂಡುತ್ತದೆ. ಸಣ್ಣ ಗಾಡಿ ಅಲ್ಲಿಯೇ ನಿಂತುಬಿಡುತ್ತದೆ. ಸಾಹಸದ ಗಾಡಿಗಳಿಗೆ ದೊಡ್ಡ ಮುಂಗಾಲಿ, ಹೆಚ್ಚಿನ ನೆಲದಂತರ ಇರುವುದು ಇಂಥ ಕಡೆಗಾಗಿಯೇ. ಹಾಗೆಂದು ಭಾರವಾದುದೇ ಮೇಲೆಂದು ತಿಳಿಯಬಾರದು. ಕೆಸರಿನಲ್ಲಿ ಇನ್ನೂರು ಕಿಲೋದ ಗಾಡಿ ವಾಲಿದರೆ ಒಬ್ಬನಿಂದ ಎತ್ತಲಾಗದು. 200 ಸಿಸಿಯ ಎಕ್ಸ್‌ಪಲ್ಸ್‌ನಂಥದು ಸುಮಾರು 160 ಕಿಲೋ. ಹೊಲ, ಊರು, ತಾಲೂಕು ಕಚೇರಿ ಎಂದು ಓಡಾಡುವವನಿಗೆ ಅದು ಸಾಕು. ಅದರ ಆಸನವೂ ಎತ್ತರವೇ ಎಂಬುದನ್ನು ಮಾತ್ರ ಗಿಡ್ಡನೆಯವರು ಮರೆಯಬಾರದು. ಕಡ್ಡಿಗಾಲಿ ಹೊಡೆತ ತಾಳುತ್ತದೆ, ಆದರೆ ಬಹುಮಟ್ಟಿಗೆ ಒಳಗೆ ಟ್ಯೂಬು ಇರುವುದರಿಂದ ಪಂಕ್ಚರ್ ಆದರೆ ಗಾಲಿ ಬಿಚ್ಚಲೇಬೇಕು.

ಐಹೊಳೆಯಿಂದ ಅಮೀನಗಡಕ್ಕೆ ಬಂದು, ಕರದಂಟು ಕಟ್ಟಿಸಿಕೊಂಡು, ಕೂಡಲಸಂಗಮಕ್ಕೆ ಹೊರಟಾಗ ಹಿಂದಿನ ಆಸನದ ಮಾತು ಬರುತ್ತದೆ. ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ, ಹಿನ್ನೀರಿನ ನಡುವೆ ಬಾವಿಯಂತೆ ಕಟ್ಟಿ ರಕ್ಷಿಸಿದ ಬಸವಣ್ಣನವರ ಐಕ್ಯಸ್ಥಳಕ್ಕೆ ಯಾರೂ ಒಬ್ಬರೇ ಹೋಗುವುದು ಕಡಿಮೆ. ಹಿಂದೆ ತಾಯಿಯೋ ಮಡದಿಯೋ ಇರುತ್ತಾರೆ. ಇಳಕಲ್ ಸೀರೆ ಉಟ್ಟವರು ಎಡಬದಿಗೆ ಎರಡೂ ಕಾಲು ಇಳಿಬಿಟ್ಟು ಕೂಡುತ್ತಾರೆ. ನಮ್ಮ ಸಾಮಾನ್ಯ ಗಾಡಿಗಳ ಸರಪಳಿಗೆ ಪೂರ್ತಿ ಮುಚ್ಚಳವಿರುತ್ತದೆ. ದೊಡ್ಡ ಗಾಡಿಗಳಲ್ಲಿ ಸರಪಳಿ ಬಹುಪಾಲು ತೆರೆದೇ ಇರುತ್ತದೆ, ಅದೂ ಸಾಮಾನ್ಯವಾಗಿ ಎಡಕ್ಕೆ, ಸೆರಗು ಜಾರುವ ಬದಿಗೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು ಹಿಂದೆ ಕೂಡುವವರಿಗೆ ಹಿಡಿಕೆ, ಕಾಲೂರು, ಹಾಗೂ ಬಟ್ಟೆ ಸಿಲುಕದಂತೆ ಹಿಂಗಾಲಿಯ ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಮುಚ್ಚುವ ತಡೆ ಇರಬೇಕೆನ್ನುತ್ತದೆ. ಪೆಟ್ಟಿಗೆ ಕಟ್ಟುವ ಚೌಕಟ್ಟಿಗಾಗಿಯೋ ಅಂದಕ್ಕಾಗಿಯೋ ಹುಡುಗರು ಮೊದಲು ಕಿತ್ತೆಸೆಯುವುದು ಈ ಸೀರೆತಡೆಯನ್ನೇ. ಸೆರಗು ಗಾಲಿಗೆ ಸಿಕ್ಕಿ ಆಗುವ ಅನಾಹುತ ಎಂಥದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಕೂಡುವವರಿಗೂ ಹೆಲ್ಮೆಟ್ ಬೇಕು.

ಹುನಗುಂದದ ಬಳಿ ರಾಷ್ಟ್ರೀಯ ಹೆದ್ದಾರಿ 50 ಸೇರಿದ ಮೇಲೆ ದೊಡ್ಡ ಗಾಡಿಯ ನಿಜವಾದ ಸುಖ. ಇಳಕಲ್ಲು ಹತ್ತಿರವೇ. ಅಲ್ಲಿಂದ ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗದ ಕಡೆಗೆ ಸಾಗಿದರೆ ಲಾರಿಗಳನ್ನು ಏದುಸಿರಿಲ್ಲದೆ ದಾಟುತ್ತದೆ, ಬಯಲುಗಾಳಿಗೆ ಓಲಾಡುವುದಿಲ್ಲ, ಇಬ್ಬರು ಕುಳಿತು ಸೀರೆಯ ಗಂಟು ಹೇರಿದರೂ ಬೆನ್ನು ನೋಯುವುದಿಲ್ಲ. ತಿಂಗಳಿಗೆ ಒಂದೆರಡು ಸಲ ದಿನಕ್ಕೆ ಮುನ್ನೂರು ಕಿಲೋಮೀಟರ್ ಹೋಗುವವನು ಇದನ್ನು ಕೊಂಡರೆ ಹಣ ಸಾರ್ಥಕ. ವರ್ಷಕ್ಕೊಮ್ಮೆ ಹೋಗುವವನು ಉಳಿದ ದಿನಗಳೆಲ್ಲ ನವನಗರದ ಸೆಕ್ಟರುಗಳ ಉಬ್ಬುಗಳ ಮೇಲೆ ಇನ್ನೂರು ಕಿಲೋ ಹೊತ್ತು ತಿರುಗಿದಂತಾಗುತ್ತದೆ.

ಖರ್ಚಿನ ವಿಷಯದಲ್ಲಿ ಒಂದೇ ಮಾತು: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಮೇಲೆ ಜಿಎಸ್‌ಟಿ ಶೇಕಡಾ 18, ಅದನ್ನು ಮೀರಿದವಕ್ಕೆ ಶೇಕಡಾ 40. ರಿಪೇರಿಯ ಜಾಗ, ಬಿಡಿಭಾಗ ಹತ್ತಿರದಲ್ಲಿವೆಯೇ ಎಂದು ಮುಂಚಿತವಾಗಿ ವಿಚಾರಿಸಬೇಕು.

ಮುಂಗಡ ಕೊಡುವ ಮೊದಲು ಅಂಗಡಿಯವರನ್ನು ಕೇಳಿ ಗಾಡಿಯನ್ನು ಹೊರಗೆ ತರಿಸಿರಿ. ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ತಳ್ಳಿಕೊಂಡು ನಡೆಯಿರಿ. ಮೆಲ್ಲಗೆ ವಾಲಿಸಿ, ಪುನಃ ನೆಟ್ಟಗೆ ಮಾಡಲಾಗುತ್ತದೆಯೋ ನೋಡಿರಿ. ಬಳಿಕ ಮನೆಯ ತಾಯಂದಿರನ್ನು ಕರೆದೊಯ್ದು, ಅವರು ದಿನವೂ ಉಡುವ ಸೀರೆಯಲ್ಲೇ ಹಿಂದೆ ಕೂಡಿಸಿ, ಒಂದು ಸುತ್ತು ಹೋಗಿ ಬನ್ನಿರಿ. ಇಳಿದ ಮೇಲೆ ಅವರು ಏನೆನ್ನುತ್ತಾರೆಂದು ಕೇಳಿಕೊಂಡು ಹಣದ ಮಾತಾಡಿರಿ.