ಹೊಳೆಯಾಚೆಗೊಂದು ಸೈಕಲ್ ಸವಾರಿ

ಪಡೀಲು ಯಾರೂ ಇಳಿದು ನೋಡುವ ಊರಲ್ಲ, ದಾಟಿ ಹೋಗುವ ಊರು. ಬೆಂಗಳೂರಿನ ಬಸ್ಸಿನಲ್ಲಿ ರಾತ್ರಿಯಿಡೀ ತೂಕಡಿಸಿದವರು ಇಲ್ಲಿ ಕಣ್ಣುಜ್ಜಿಕೊಂಡು ಸೀಟಿನಡಿಯಲ್ಲಿ ಚಪ್ಪಲಿ ಹುಡುಕತೊಡಗುತ್ತಾರೆ. ಹಿಂದೆ ಕಂಕನಾಡಿಯೆಂದು ಕರೆಸಿಕೊಳ್ಳುತ್ತಿದ್ದ ಮಂಗಳೂರು ಜಂಕ್ಷನ್ ನಿಲ್ದಾಣ ಇಲ್ಲಿಗೆ ಸಮೀಪ. 2025ರಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯೂ ಇಲ್ಲಿಗೇ ಬಂದ ಮೇಲಂತೂ ಊರಿಗೊಂದು ಗತ್ತು ಬಂದಿದೆ. ಆದರೂ ಇಲ್ಲಿಂದ ಮೂಡು ದಿಕ್ಕಿಗೆ ಸೈಕಲ್ ತಿರುಗಿಸಿದರೆ ಒಂದು ಗಂಟೆಯೊಳಗೆ ಪಟ್ಟಣವು ನಮ್ಮನ್ನು ಬಿಟ್ಟುಕೊಡುತ್ತದೆಂಬುದು ಎಷ್ಟು ಜನರಿಗೆ ಗೊತ್ತಿದೆಯೋ ನಾನರಿಯೆ.

ಡಿಸೆಂಬರಿನ ಒಂದು ಭಾನುವಾರ ನಾನೂ ನನ್ನ ಸೋದರಳಿಯನೂ ಹೊರಟೆವು. ಆತನಿಗೆ ಹದಿನೈದು ವರ್ಷ. ಅಳಿಯಕಟ್ಟಿನ ನಾಡಿನಲ್ಲಿ ಅಳಿಯನಿಗೆ ಬಿಟ್ಟುಹೋಗಲು ನನ್ನಲ್ಲಿ ಇರುವ ಆಸ್ತಿ ಒಂದು ಸೈಕಲ್ಲು ಮಾತ್ರ. ಅದರ ಮೇಲೆ ಎಲ್ಲಿಗೆ ಹೋಗಬಹುದೆಂಬುದನ್ನಾದರೂ ತೋರಿಸಿಬಿಡೋಣವೆಂಬ ಆಸೆ. ಹುಡುಗ ಬೆಳೆದದ್ದು ಐದನೆಯ ಮಹಡಿಯ ಮನೆಯಲ್ಲಿ. ನೇತ್ರಾವತಿಯ ನೀರನ್ನು ಹುಟ್ಟಿದಂದಿನಿಂದ ಕುಡಿದಿದ್ದಾನೆ, ಹೊಳೆಗೆ ಕಾಲಿಟ್ಟವನಲ್ಲ.

ಹೆದ್ದಾರಿಯ ಭಾಗವನ್ನು ವರ್ಣಿಸುವುದಿಲ್ಲ. ಲಾರಿಗಳಿಗೆ ಅಂಚು ಬಿಟ್ಟುಕೊಟ್ಟು, ಕಣ್ಣೂರನ್ನು ದಾಟಿ, ಅಡ್ಯಾರಿನಲ್ಲಿ ಬಲಕ್ಕೆ ಹೊಳೆಯ ಕಡೆ ತಿರುಗಿದೆವೆಂದರೆ ಸಾಕು. ತಿರುಗಿದ ಕೂಡಲೇ ಸದ್ದು ಇಳಿಯಿತು. ತೆಂಗಿನ ತೋಟ, ಅಂಗಳದಲ್ಲಿ ಒಣಹಾಕಿದ ಅಡಿಕೆ, ಗೇಟಿನ ಸಂದಿಯಿಂದ ಮೂಗು ಚಾಚುವ ನಾಯಿಗಳು. ಅನಂತರ ಇದ್ದಕ್ಕಿದ್ದಂತೆ, ವಿಶಾಲವಾಗಿ, ಹೊಳೆ!

ಇಲ್ಲಿ ಮೊದಲು ದೋಣಿಯಿತ್ತು. ಈಗ ಅಡ್ಯಾರಿಗೂ ಹರೇಕಳಕ್ಕೂ ನಡುವೆ ಕಿಂಡಿ ಅಣೆಕಟ್ಟು. ಅದರ ಮೇಲೆಯೇ ಸೇತುವೆ. ಬೇಸಗೆಯಲ್ಲಿ ಹೊಳೆ ಬಡವಾದಾಗ ಭರತದ ಉಪ್ಪುನೀರು ಸಮುದ್ರದಿಂದ ಮೇಲಕ್ಕೇರಿ ಬಾವಿಗಳನ್ನೂ ತೋಟಗಳನ್ನೂ ಕೆಡಿಸುತ್ತದೆ. ಹಲಗೆ ಇಳಿಸಿದರೆ ಉಪ್ಪು ಕೆಳಗೆ, ಸಿಹಿ ಮೇಲೆ. ಇದನ್ನು ಅಳಿಯನಿಗೆ ವಿವರಿಸುತ್ತಿದ್ದೆ. ದಡದ ಗೂಡಂಗಡಿಯಲ್ಲಿ ಕಣ್ಣ ಚಾ ಹೀರುತ್ತಿದ್ದ ವೃದ್ಧರೊಬ್ಬರು ನಡುವೆ ಬಾಯಿ ಹಾಕಿದರು.

“ಸೇತುವೆ ಒಳ್ಳೆಯದೇ ಮಾರಾಯ್ರೆ. ರಾತ್ರಿ ಹೆರಿಗೆ ನೋವು ಬಂದರೆ ದೋಣಿಗೆ ಕೂಗಬೇಕಾಗಿಲ್ಲ. ಆದರೆ ದೋಣಿಯಲ್ಲಿ ಎಲ್ಲರ ಮುಖ ಗೊತ್ತಿತ್ತು. ಈಗ ಹೆಲ್ಮೆಟ್ಟು ಮಾತ್ರ ಗೊತ್ತು.”

ನಮ್ಮ ಮುಖ ಅವರಿಗೆ ಕಂಡಿತಲ್ಲ, ಅದು ಸೈಕಲ್ಲಿನ ಪುಣ್ಯ. ಮಾತು ಬೆಳೆದು ಪಾವೂರು ಉಳಿಯಕ್ಕೆ ಹೋಯಿತು. ಇದೇ ಹೊಳೆಯ ನಡುವಿನ ಕುದ್ರು ಅದು. ಮಳೆಗಾಲದಲ್ಲಿ ದೋಣಿಯೇ ಗತಿ. ಮಳೆ ಕಳೆದ ಮೇಲೆ ಅಲ್ಲಿನವರು ತಾವೇ ತಾತ್ಕಾಲಿಕ ಸೇತುವೆ ಕಟ್ಟಿಕೊಳ್ಳುತ್ತ ಬಂದವರು. ಸುತ್ತಲಿನ ಮರಳನ್ನು ಬಗೆದು ಸಾಗಿಸಿದ್ದರಿಂದ ಕುದ್ರುವಿನ ಅಂಚು ಕುಸಿದು, ತೆಂಗುಗಳು ಹೊಳೆಗೆ ಬಿದ್ದಿವೆ.

“ಆ ಮರಳು ಎಲ್ಲಿಗೆ ಹೋಯಿತು?” ಎಂದು ಹುಡುಗ ಕೇಳಿದ.

“ನಿಮ್ಮ ಪೇಟೆಗೆ,” ಎಂದರು ವೃದ್ಧರು, ಸಿಟ್ಟಿಲ್ಲದೆ. ಐದನೆಯ ಮಹಡಿಯ ಹುಡುಗ ಮತ್ತೆ ಮಾತಾಡಲಿಲ್ಲ.

ಹರೇಕಳದ ದಡದಿಂದ ರಸ್ತೆ ಗುಡ್ಡಕ್ಕೇರುತ್ತದೆ. ಮೈಸೂರಿನವರು ಸೈಕಲ್ಲಿನ ಮೇಲೆ ಕುಳಿತು ತಿರುಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅರ್ಧ ದಾರಿ ಅದನ್ನು ಕೈಹಿಡಿದು ನಡೆಸಬೇಕು. ಮುರಕಲ್ಲಿನ ಕೆಂಪು ಮಣ್ಣು, ಗೇರುಮರಗಳ ನೆರಳು. ನಮ್ಮ ಉಸಿರಿನದೇ ಸದ್ದು. ಮನೆಯವರು ಬಾಳೆಲೆಯಲ್ಲಿ ಕಟ್ಟಿಕೊಟ್ಟ ಮೂಡೆಗಳು ಇಲ್ಲೇ ಮುಗಿದವು.

ಮೇಲೆ ನ್ಯೂಪಡ್ಪುವಿನ ಶಾಲೆ. ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು, ತಮಗೆ ಸಿಗದ ಅಕ್ಷರ ಊರಿನ ಮಕ್ಕಳಿಗೆ ಸಿಗಲೆಂದು ಉಳಿತಾಯ ಸುರಿದು, ಕಚೇರಿಗಳನ್ನು ಸುತ್ತಿ ಎಬ್ಬಿಸಿದ ಶಾಲೆ. ವಿದೇಶೀಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗದ ಸಂಕಟ ಅವರನ್ನು ಇಲ್ಲಿಗೆ ತಂದಿತೆಂದು ಅವರೇ ಹೇಳಿಕೊಂಡಿದ್ದಾರೆ. 2020ರಲ್ಲಿ ಪದ್ಮಶ್ರೀ ಪ್ರಕಟವಾಯಿತು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಅದನ್ನು ಸ್ವೀಕರಿಸಿದರು. ರಜಾದಿನವಾದ್ದರಿಂದ ಗೇಟು ಮುಚ್ಚಿತ್ತು. ಹುಡುಗ ಸರಳುಗಳ ನಡುವಿನಿಂದ ಕಟ್ಟಡವನ್ನು ಬಹಳ ಹೊತ್ತು ನೋಡಿದ.

“ಮಾವ, ಒಂದು ಕಿತ್ತಳೆಗೆ ಎಷ್ಟು ಲಾಭ ಸಿಕ್ಕೀತು?”

“ಅವತ್ತಿನ ಕಾಲಕ್ಕೆ ಪೈಸೆಗಳ ಲೆಕ್ಕ.”

ಬೆರಳು ಮಡಚಿ ಏನೋ ಗುಣಿಸಿದ, ನಡುವೆಯೇ ಕೈಬಿಟ್ಟ.

ಕೊಣಾಜೆಯಿಂದ ಇಳಿಜಾರು ಹೆಚ್ಚು. ದೇರಳಕಟ್ಟೆ, ತೊಕ್ಕೊಟ್ಟುಗಳನ್ನು ದಾಟಿ ಉಳ್ಳಾಲದ ಸಂಕಕ್ಕೆ ಬಂದಾಗ ಹೊತ್ತು ಇಳಿಯುತ್ತಿತ್ತು. ಇಡೀ ಸುತ್ತು ಸುಮಾರು 30 ಕಿಲೋಮೀಟರು. ನಾವು ಒಂದು ದಿನ ತೆಗೆದುಕೊಂಡೆವು. ಇದಕ್ಕಿಂತ ಬೇಗ ಮುಗಿಸುವವರು ಬೇರೆ ವಾಹನ ಹಿಡಿಯಲಿ. ಪಕ್ಕದ ರೈಲುಸೇತುವೆಯ ಮೇಲೆ ಗೂಡ್ಸು ಗಾಡಿಯೊಂದು ನಿಧಾನವಾಗಿ ಸಾಗುತ್ತಿತ್ತು. 1907ರಲ್ಲಿ ಮದರಾಸಿನ ಕಡೆಯಿಂದ ರೈಲು ಮಂಗಳೂರಿಗೆ ಬಂದದ್ದೂ ಈ ಹೊಳೆಯನ್ನು ದಾಟಿಯೇ.

ಅಳಿಯ ಸೈಕಲ್ಲನ್ನು ಕಟಕಟೆಗೆ ಒರಗಿಸಿ ಕೆಳಗೆ ಬಗ್ಗಿ ನೋಡಿದ. “ಬೆಳಿಗ್ಗೆ ನಾವು ದಾಟಿದ ನೀರು ಇಲ್ಲಿಗೆ ಮುಟ್ಟಿರಬಹುದೇ ಮಾವ?”

“ಭರತವಿದ್ದರೆ ಹಿಂದಕ್ಕೇ ಹೋಗಿರಬಹುದು.”

“ನಮ್ಮ ನಲ್ಲಿಗೆ ಬರುವುದು?”

“ಅದು ಇನ್ನೂ ಮೇಲೆ, ತುಂಬೆಯಿಂದ.”

“ತುಂಬೆಗೆ ಎಷ್ಟು ದೂರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಂದಿನ ಚಕ್ರದ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದ.